ಪ್ರಾರ್ಥನೆಯ ವಾರದಲ್ಲಿ ಲೊಸಾಲಿನೆ ಉಣ್ಣದೆ ನಿಂತದ್ದು

ಡಿಸೆಂಬರ್ ಹತ್ತಿರವಾದಂತೆ ಊರಿನವರ ಮುಖ ಅರಳುತ್ತಿತ್ತು, ಲೊಸಾಲಿನೆಯ ಮುಖ ಬಾಡುತ್ತಿತ್ತು. ದ್ವೀಪದ ನೇಯಾಫು ಬಂದರಿಗೆ ಹಡಗು ಬಂತು, ಡಬ್ಬಿ ಮಾಂಸದ ಪೆಟ್ಟಿಗೆಗಳೂ ಸಕ್ಕರೆ ಚೀಲಗಳೂ ಇಳಿದವು ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ದಿನ ಎಣಿಸುತ್ತಿದ್ದಳು. ಮೊದಲು ಕ್ರಿಸ್‌ಮಸ್, ಆಮೇಲೆ ಹೊಸ ವರ್ಷ, ಅದರ ಬೆನ್ನಿಗೇ ಪ್ರಾರ್ಥನೆಯ ವಾರ. ಆ ವಾರವಿಡೀ ಬೆಳಗೂ ಬೈಗೂ ಇಗರ್ಜಿಯಲ್ಲಿ ಮೊಣಕಾಲೂರಬೇಕು. ಎದ್ದು ಬಂದೊಡನೆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಬೇಕು. ದಿನಕ್ಕೊಂದು ಮನೆಯ ಪಾಳಿ. ಪಾಳಿ ಬಂದ ಮನೆಯವರು ವರ್ಷವೆಲ್ಲ ಸಾಕಿದ ಹಂದಿಗಳನ್ನು ಅವತ್ತೇ ಕಡಿಯುತ್ತಾರೆ, ಬಂದವರು ಬಡಿಸಿದ್ದನ್ನೆಲ್ಲ ಅವತ್ತೇ ತಿನ್ನಬೇಕು. ಬೇಡವೆಂದರೆ ಬಡಿಸಿದವರ ಕೆನ್ನೆಗೆ ಹೊಡೆದಂತೆ.

ಲೊಸಾಲಿನೆಗೆ ಈ ಭಯ ಹುಟ್ಟಿದ್ದು ಗಂಡ ಮೊತೆಕಿಯಾಯಿಯಿಂದ. ದೋಣಿ ಕಟ್ಟುವ ಗಟ್ಟಿ ಆಳು ಅವನು. ಒಂದು ಕ್ರಿಸ್‌ಮಸ್‌ಗೆ ಮುಂಚೆ ಕಡಲಂಚಿನಲ್ಲಿ ಚಿಪ್ಪು ತಾಗಿ ಕಾಲು ಕುಯ್ದುಕೊಂಡ. ಅದು ಅವನಿಗೆ ಗೊತ್ತಾದದ್ದೇ ಚಾಪೆಯ ಮೇಲಿನ ರಕ್ತದ ಕಲೆ ನೋಡಿದ ಮೇಲೆ. ಆಸ್ಪತ್ರೆಗೆ ಹೋಗೋಣ ಅಂದರೆ, "ಹಬ್ಬ ಮುಗೀಲಿ ಕಣೇ. ಇಷ್ಟುದ್ದ ಗಾಯಕ್ಕೆ ಯಾರಾದ್ರೂ ಹಬ್ಬ ಬಿಡ್ತಾರಾ?" ಅಂದಿದ್ದ. ಹಬ್ಬ ಮುಗಿಯುವಷ್ಟರಲ್ಲಿ ಗಾಯ ನಾರತೊಡಗಿತ್ತು. ಮೊದಲು ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ. ಮುಂದಿನ ಕ್ರಿಸ್‌ಮಸ್ ಬರುವ ಹೊತ್ತಿಗೆ ಅವನೇ ಇರಲಿಲ್ಲ. ರಕ್ತದಲ್ಲಿ ಸಕ್ಕರೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅವನ ಜೊತೆ ಓಡಾಡುವಾಗ ನರ್ಸಮ್ಮನೊಬ್ಬಳು, "ನಿಮ್ಮದೂ ಒಂದ್ಸಲ ನೋಡೇಬಿಡೋಣ" ಎಂದು ಲೊಸಾಲಿನೆಯ ಬೆರಳಿಗೂ ಸೂಜಿ ಚುಚ್ಚಿದಳು. ಅವಳಲ್ಲೂ ಇತ್ತು.

ಅಂದಿನಿಂದ ಅವಳು ಬದುಕಿದ ರೀತಿಯೇ ಬೇರೆ. ಧೈರ್ಯದಿಂದ ಅಲ್ಲ, ಬರೀ ಹೆದರಿಕೆಯಿಂದ. ಹಸಿದ ಹೊಟ್ಟೆಯಲ್ಲಿ ಹಬ್ಬದೂಟಕ್ಕೆ ಹೋದರೆ ಕೈ ತನ್ನ ಮಾತು ಕೇಳುವುದಿಲ್ಲವೆಂದು ಮನೆಯಲ್ಲೇ ಸುಟ್ಟ ಮೀನಿನ ತುಂಡು, ಬೇಯಿಸಿದ ಪೆಲೆ ಸೊಪ್ಪು ತಿಂದು ಹೊರಡುವಳು. ಎಲೆಯ ಮುಂದೆ ಕೂತಾಗ ಮೊದಲು ಸೊಪ್ಪು, ಮೀನು ಹಾಕಿಸಿಕೊಂಡು ಅರ್ಧ ಎಲೆ ತುಂಬಿಸಿಬಿಡುವಳು. ಕೆಸುವಿನ ಗೆಡ್ಡೆಗೂ ಮರಗೆಣಸಿಗೂ ಉಳಿಯುವುದು ಮೂಲೆಯಷ್ಟು ಜಾಗ. ಹಂದಿಯ ಗರಿಗರಿ ಚರ್ಮವನ್ನು ಪಕ್ಕದವರ ಎಲೆಗೆ ದಾಟಿಸಿ ಒಳಗಿನ ಮಾಂಸ ಚೂರು ಬಾಯಿಗಿಡುವಳು. ಕಲ್ಲಂಗಡಿಯ ಸಿಹಿ ಪಾನಕ ಬಂದಾಗ ನೀರಿನ ಲೋಟ ಎತ್ತಿ ಹಿಡಿಯುವಳು. ಹಬ್ಬ ಅಂತ ಮಾತ್ರೆ ತಪ್ಪಿಸಿದವಳಲ್ಲ. ಊಟವಾದ ಮೇಲೆ ಎಲ್ಲರೂ ಮಾವಿನ ಮರದಡಿ ಚಾಪೆ ಹಾಸಿದರೆ ಇವಳು ಇಗರ್ಜಿಯ ಹಿಂದಿನ ದಾರಿಯಲ್ಲಿ ಸ್ಮಶಾನದ ತನಕ ನಡೆದು ಬರುವಳು.

ಹೆಂಗಸರು ಸುಮ್ಮನಿರುತ್ತಾರೆಯೇ? "ಏನ್ ಲೊಸಾ, ಆಡಿನ ಜಾತಿಗೆ ಸೇರ್ಕೊಂಡ್ಯಾ? ಬರೀ ಸೊಪ್ಪು ಮೇಯ್ತಿದ್ದೀಯ!" ಎಂದು ನಗುವರು.

"ಆಡಿನ ನಾಕೂ ಕಾಲು ನೆಟ್ಟಗಿವೆ ನೋಡು," ಎನ್ನುವಳು ಲೊಸಾಲಿನೆ. ನಗು ಅಲ್ಲಿಗೆ ನಿಲ್ಲುತ್ತಿತ್ತು. ಊರಲ್ಲಿ ಕಾಲು ಕಳೆದುಕೊಂಡವರಿಲ್ಲದ ಮನೆತನವೇ ಇರಲಿಲ್ಲ.

ತನ್ನದನ್ನು ಹೇಗೋ ಕಾದುಕೊಂಡಳು. ಕಾಯಲು ಆಗದ್ದು ತಮ್ಮನನ್ನು.

ಪೆನಿಸಿಮಾನಿ ಅವಳ ಒಬ್ಬನೇ ತಮ್ಮ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಈಗ ಅವನು ಇಗರ್ಜಿಯ ಗಾಯನದಲ್ಲಿ ಮಂದ್ರ ಹಿಡಿಯುವ, ಆಗಾಗ ಪೀಠವೇರಿ ಉಪದೇಶ ಹೇಳುವ ದೊಡ್ಡ ಮನುಷ್ಯ. ಬೇಲಿಯಾಚೆಯೇ ಅವನ ಮನೆ. ಆದರೆ ಬೆಳೆದ ಅಕ್ಕತಮ್ಮಂದಿರ ನಡುವೆ ಅಲ್ಲಿ ಬೇಲಿಗಿಂತ ಎತ್ತರದ ಮರ್ಯಾದೆಯ ಗೋಡೆ. ಒಂದೇ ಕೋಣೆಯಲ್ಲಿ ಇಬ್ಬರೇ ಕೂರುವಂತಿಲ್ಲ; ಒಬ್ಬರ ಮೈ, ರೋಗ, ಗಾಯಗಳ ಮಾತನ್ನು ಇನ್ನೊಬ್ಬರೆದುರು ಎತ್ತುವಂತಿಲ್ಲ. ಅಕ್ಕನ ಸ್ಥಾನ ದೊಡ್ಡದು ನಿಜ. ತಮ್ಮನ ಮಕ್ಕಳಿಗೆ ಸೋದರತ್ತೆಯೆಂದರೆ ದೇವರ ನಂತರದವಳು. ಮನೆಯ ಯಾವ ಶುಭಕಾರ್ಯದಲ್ಲೂ ಮೊದಲ ಎಲೆ ಅವಳದು, ಅವಳು ತುತ್ತೆತ್ತಿದ ಮೇಲೆಯೇ ಉಳಿದವರು. ಅವಳ ಮನಸ್ಸು ನೊಂದರೆ ತಮ್ಮನ ಮಕ್ಕಳಿಗೆ, ಅದರಲ್ಲೂ ಬಸುರಿ ಹೆಣ್ಣುಮಕ್ಕಳಿಗೆ, ಕೇಡು ತಪ್ಪದು ಎಂದು ಹಳಬರೂ ಹೊಸಬರೂ ನಂಬುತ್ತಿದ್ದರು. ಇಷ್ಟೆಲ್ಲ ಅಧಿಕಾರವಿದ್ದೂ ತಮ್ಮಾ, ನಿನ್ನ ಕಾಲು ಹೇಗಿದೆ ಎಂದು ಕೇಳುವ ಅಧಿಕಾರ ಮಾತ್ರ ಅವಳಿಗಿರಲಿಲ್ಲ.

ಆ ವರ್ಷ ಕ್ರಿಸ್‌ಮಸ್ ದಿನ ಪೆನಿಸಿಮಾನಿ ಬಿಳಿ ಅಂಗಿ ತೊಟ್ಟು, ಹಬ್ಬದ ಮರ್ಯಾದೆಯ ಉಡುಪಾಗಿ ಸೊಂಟಕ್ಕೆ ನೇಯ್ದ ಚಾಪೆ ಬಿಗಿದು ಬಂದಾಗ ಜನ ಕೊಂಡಾಡಿದರು. "ಏನ್ರೀ, ಮದುವೆ ಗಂಡಿನ ಹಾಗೆ ಸಣ್ಣಗಾಗಿದ್ದೀರಿ!" ಅಂದರು. ಲೊಸಾಲಿನೆ ದೂರದಿಂದ ನೋಡಿದಳು. ಸೊಂಟದ ಚಾಪೆಯ ಹಗ್ಗ ಒಂದು ಸುತ್ತು ಹೆಚ್ಚಾಗಿತ್ತು. ಕತ್ತಿನ ಹತ್ತಿರ ಅಂಗಿ ಜೋಲುತ್ತಿತ್ತು. ಊಟದ ನಡುವೆ ಅವನು ಲೋಟದ ಮೇಲೆ ಲೋಟ ಪಾನಕ ಕುಡಿದ. ಕುಡಿದಷ್ಟೂ ತುಟಿ ಒಣಗಿಯೇ ಇತ್ತು. ಮತ್ತೆ ಮತ್ತೆ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದ. ಮೊತೆಕಿಯಾಯಿಯ ಕೊನೆಯ ವರ್ಷ ಹೀಗೇ ಶುರುವಾಗಿತ್ತು. ಅವಳ ಬಾಯಿಯಲ್ಲಿದ್ದ ಮೀನು ಮಣ್ಣಾಯಿತು.

ಮರುದಿನ ತಮ್ಮನ ಹೆಂಡತಿ ಸೆಲುವಾಯಿಯಾ ಬಟ್ಟೆ ಒಣಹಾಕುವಾಗ ಬೇಲಿಯ ಬಳಿ ಹೋಗಿ ನಿಂತಳು.

"ಸೆಲು, ಅವನನ್ನ ಒಂದ್ಸಲ ನೇಯಾಫುಗೆ ಕರ್ಕೊಂಡ್ಹೋಗು. ರಕ್ತ ನೋಡಿಸ್ಕೊಂಡು ಬನ್ನಿ. ನಾನು ಹೇಳ್ದೆ ಅಂತ ಹೇಳ್ಬೇಡ."

ಸೆಲುವಾಯಿಯಾಳ ಮುಖ ಬಿಗಿಯಿತು. "ಯಾಕಕ್ಕ, ನಾನು ಅವ್ರಿಗೆ ಸರಿಯಾಗಿ ಹಾಕ್ತಿಲ್ಲ ಅಂತ ಊರಲ್ಲಿ ಮಾತಾಡ್ಕೊಳ್ತಿದ್ದಾರಾ?"

"ಅಯ್ಯೋ, ಹಾಗಲ್ಲ ಕಣೆ. ನೀರು ಕುಡಿಯೋದು ನೋಡಿದ್ಯಾ?"

"ಸೆಕೆ ಅಕ್ಕ. ಎಲ್ಲರೂ ಕುಡೀತಾರೆ." ಒದ್ದೆ ಬಟ್ಟೆಯೊಂದನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಆಮೇಲೆ ಧ್ವನಿ ತಗ್ಗಿಸಿ, "ನಾನೂ ಹೇಳ್ದೆ. ಕೇಳ್ಬೇಕಲ್ಲ! ಪ್ರಾರ್ಥನೆ ವಾರದ ಗುರುವಾರ ನಮ್ಮ ಪಾಳಿ, ಅವತ್ತು ಉಪದೇಶನೂ ಅವ್ರದೇ. ಅದು ಮುಗೀಲಿ ಅಂತಾರೆ," ಅಂದಳು.

ಮುಗೀಲಿ. ಲೊಸಾಲಿನೆ ಆ ಮಾತನ್ನು ಹಿಂದೊಮ್ಮೆ ಕೇಳಿದ್ದಳು. ಮನೆಗೆ ಬಂದು ಬಾಗಿಲ ಹಿಂದೆ ಕೂತುಬಿಟ್ಟಳು. ಗುರುವಾರ ಬರುವ ತನಕ ಅವಳಿಗೆ ಊಟವೂ ಸೇರಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದಾಗ ದೇವರ ಬದಲು ಮುಂದಿನ ಸಾಲಿನಲ್ಲಿ ಬಾಗಿದ ತಮ್ಮನ ಬರಿಗಾಲಿನ ಹಿಮ್ಮಡಿಗಳನ್ನೇ ನೋಡುತ್ತಿದ್ದಳು. ಅವುಗಳಲ್ಲಿ ಬಿರುಕು ಬಿಟ್ಟಿತ್ತು.

ಗುರುವಾರ ಬೆಳಿಗ್ಗೆ ತಮ್ಮನ ಹಿತ್ತಲಲ್ಲಿ ಉಮು ತೋಡಿ ಬೆಂಕಿ ಹಾಕಿದ್ದರು. ನೆಲದ ಆ ಕುಳಿಯೊಲೆಯಲ್ಲಿ ಕಲ್ಲುಗಳು ಕೆಂಡದಂತೆ ಕಾದ ಮೇಲೆ ಉರಿ ಸರಿಸಿ, ಕಲ್ಲುಗಳನ್ನು ಹರಡಿ, ಅವುಗಳ ಮೇಲೆ ಮಾಂಸದ ಪೊಟ್ಟಣಗಳನ್ನೂ ಗೆಡ್ಡೆಗಳನ್ನೂ ಇಟ್ಟು ಎಲೆ, ಮಣ್ಣು ಮುಚ್ಚುತ್ತಾರೆ. ಅದು ಗಂಡಸರ ಕೆಲಸ. ಲೊಸಾಲಿನೆ ಹೆಂಗಸರ ಜೊತೆ ಕೂತು ಕೆಸುವಿನೆಲೆಯಲ್ಲಿ ಕುರಿಯ ಕೊಬ್ಬಿನ ಮಾಂಸ ಇಟ್ಟು, ತೆಂಗಿನ ಹಾಲು ಸುರಿದು, ಪೊಟ್ಟಣ ಕಟ್ಟುತ್ತಿದ್ದಳು. ಅತ್ತ ಪೆನಿಸಿಮಾನಿ ಕೋಲು ಹಿಡಿದು ಕಲ್ಲು ಹರಡಿಸುತ್ತಾ, ಯಾರದೋ ಮಾತಿಗೆ ತಲೆ ಹಿಂದೆ ಹಾಕಿ ನಗುತ್ತಿದ್ದ.

ಮೊದಲು ಬಂದದ್ದು ವಾಸನೆ. ಹಂದಿ ಸುಡುವ ವಾಸನೆ ಅಂದುಕೊಂಡಳು. ಆದರೆ ಹಂದಿಗಳು ಇನ್ನೂ ಆಚೆ ಕಟ್ಟೆಯ ಮೇಲೆ ಹಸಿಯಾಗಿಯೇ ಬಿದ್ದಿದ್ದವು. ತಲೆಯೆತ್ತಿ ನೋಡಿದಳು. ಕುಳಿಯಂಚಿನಿಂದ ಉರುಳಿದ ಒಂದು ಕಲ್ಲಿನ ಮೇಲೆ ತಮ್ಮನ ಎಡಗಾಲು ಊರಿತ್ತು. ಅಡಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ಅವನು ಇನ್ನೂ ನಗುತ್ತಲೇ ಇದ್ದ.

ಅವಳು ಕಿರುಚಿದ್ದು ಅವಳಿಗೇ ಕೇಳಿಸಲಿಲ್ಲ. ಓಡಿ ಹೋಗಿ ಅವನ ಎದೆಗೆ ಕೈಯಿಟ್ಟು ತಳ್ಳಿದಳು. ಅವನು ತತ್ತರಿಸಿ ನೆಲಕ್ಕೆ ಕೂತ. ಊರಿನ ಗಂಡಸರೆಲ್ಲ ನೋಡುತ್ತಿರುವಂತೆಯೇ ತಮ್ಮನ ಪಾದವನ್ನು ತನ್ನೆರಡು ಕೈಯಲ್ಲಿ ಎತ್ತಿ ಹಿಡಿದಳು. ಬೆರಳುಗಳ ಬುಡದಲ್ಲಿ ಚರ್ಮ ಬೆಂದು ಬಿಳಿಚಿ, ಅಂಚು ಕಪ್ಪಾಗಿತ್ತು.

"ಅಕ್ಕ! ಏನ್ ಮಾಡ್ತಿದ್ದೀಯ? ಬಿಡು!" ಪೆನಿಸಿಮಾನಿ ಕಾಲು ಎಳೆದುಕೊಂಡ. ಅವನ ಮುಖದಲ್ಲಿ ನೋವಿರಲಿಲ್ಲ, ನಾಚಿಕೆ ಇತ್ತು. ಆಮೇಲೆ ಬಗ್ಗಿ ತನ್ನ ಪಾದವನ್ನು ತಾನೇ ನೋಡಿದ. ನಗು ಸತ್ತಿತು. ಒಂದು ಗಳಿಗೆ ಅಕ್ಕನ ಕಣ್ಣೂ ತಮ್ಮನ ಕಣ್ಣೂ ಕೂಡಿದವು. ಇಬ್ಬರಲ್ಲೂ ಇದ್ದದ್ದು ಒಂದೇ ಹೆದರಿಕೆ.

"ಉರೀತಿಲ್ಲ," ಅಂದ ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ಏನೂ ಇಲ್ಲ. ಬಾಳೆಲೆ ಕೊಡ್ರೋ, ಸುತ್ಕೋತೀನಿ. ಗಂಟೆ ಹೊಡೆಯೋ ಹೊತ್ತಾಯ್ತು," ಎಂದು ಎದ್ದ.

ಗಂಟೆ ಹೊಡೆಯಿತು. ಅವನು ಪಾದಕ್ಕೆ ಬಾಳೆಲೆಯಿಟ್ಟು ಬಟ್ಟೆ ಸುತ್ತಿಕೊಂಡು ಪೀಠವೇರಿದ. ತಾಳ್ಮೆಯ ಬಗ್ಗೆ ಮಾತಾಡಿದ. ಅವನ ಧ್ವನಿ ಎಂದಿನಂತೆ ಇಗರ್ಜಿಯ ತಗಡಿನ ಚಾವಣಿಯನ್ನು ನಡುಗಿಸಿತು. ಲೊಸಾಲಿನೆಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಕೂತಲ್ಲೇ ಅವಳಿಗೆ ಎಲ್ಲ ಕಾಣುತ್ತಿತ್ತು. ಇವತ್ತಿನ ಊಟ, ನಾಳೆಯ ಊಟ, ಭಾನುವಾರದ ಊಟ, ಬಟ್ಟೆಯೊಳಗೆ ಬೇಯುವ ಗಾಯ, ನೊಣ, ಆ ವಾಸನೆ, ಸುತ್ತಿಗೆಯ ಸದ್ದು. ಗಂಡನ ಶವಪೆಟ್ಟಿಗೆಗೆ ಮೊಳೆ ಹೊಡೆದವನು ಇದೇ ತಮ್ಮ.

ಇಗರ್ಜಿಯ ಅಂಗಳದ ಚಪ್ಪರದಡಿ ಉದ್ದಕ್ಕೆ ಎಲೆ ಹಾಸಿ ಬಡಿಸಿದ್ದರು. ಇಡೀ ಹಂದಿಗಳು, ಪೊಟ್ಟಣಗಳು, ಏಡಿ, ಗೆಡ್ಡೆಗಳ ಗುಡ್ಡೆ, ಕೊನೆಯಲ್ಲಿ ತೆಂಗಿನ ಹಾಲು ಸಕ್ಕರೆ ಪಾಕದಲ್ಲಿ ಮುಳುಗಿದ ಕಡುಬುಗಳು. ಪಾಳಿ ತಮ್ಮನ ಮನೆಯದಾದ್ದರಿಂದ ಪಾದ್ರಿಯವರ ಪಕ್ಕದಲ್ಲೇ ಸೋದರತ್ತೆಯ ಎಲೆ. ಪಾದ್ರಿ ಪ್ರಾರ್ಥನೆ ಮುಗಿಸಿದರು. ಎಲ್ಲರೂ ಅವಳತ್ತ ನೋಡಿದರು. ಅವಳು ತುತ್ತೆತ್ತಬೇಕಿತ್ತು.

ಲೊಸಾಲಿನೆ ಎಲೆಯನ್ನು ಮುಂದಕ್ಕೆ ದೂಡಿ ಎದ್ದು ನಿಂತಳು.

"ನಾನು ಉಣ್ಣಲ್ಲ."

"ಯಾಕಮ್ಮ, ಮೈ ಹುಷಾರಿಲ್ವಾ?" ಪಾದ್ರಿ ಕೇಳಿದರು.

"ನನ್ನ ತಮ್ಮ ಗಾಡಿ ಹತ್ತಿ ಆಸ್ಪತ್ರೆಗೆ ಹೋಗೋ ತನಕ ನಾನು ಉಣ್ಣಲ್ಲ. ಇವತ್ತೂ ಇಲ್ಲ, ಇನ್ಮೇಲೆ ಆ ಮನೆಯ ಎಲೆ ಮುಟ್ಟೋದೂ ಇಲ್ಲ."

ಪೆನಿಸಿಮಾನಿಯ ಮುಖ ಕಪ್ಪಿಟ್ಟಿತು. "ಅಕ್ಕ, ಕೂತ್ಕೋ. ಜನರ ಮುಂದೆ ಮಾನ ತೆಗೀಬೇಡ. ವಾರ ಮುಗೀಲಿ, ಹೋಗ್ತೀನಿ."

"ಮೊತೆಕಿಯಾಯಿನೂ ಹೀಗೇ ಅಂದಿದ್ದ," ಅಂದಳು.

ಆಗ ಅವಳ ಕಣ್ಣು ತಮ್ಮನ ಮಗಳು ಅಕೊಸಿತಾಳ ಮೇಲೆ ಬಿತ್ತು. ತುಂಬು ಬಸುರಿ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು, ತುಟಿ ಬಿಳಿಚಿತ್ತು. ತಾನು ಆಡಿದ ಮಾತು ಎಲ್ಲಿ ಹೋಗಿ ತಾಗುತ್ತದೆಂದು ಲೊಸಾಲಿನೆ ಯೋಚಿಸಿಯೇ ಇರಲಿಲ್ಲ. ಮಾತು ವಾಪಸು ತೆಗೆದುಕೊಳ್ಳಲು ಬಾಯಿ ತೆರೆದಳು. ಅಷ್ಟರಲ್ಲಿ ಸೆಲುವಾಯಿಯಾ ಕೈಯಲ್ಲಿದ್ದ ಬುಟ್ಟಿ ಎಸೆದು ಗಂಡನ ಮುಂದೆ ಬಂದು ನಿಂತಿದ್ದಳು.

"ಏಳ್ರೀ!" ಅವಳ ಧ್ವನಿ ಒಡೆದಿತ್ತು. "ಅಕ್ಕನ ಬಾಯಲ್ಲಿ ಈ ಮಾತು ಬಂದ್ಮೇಲೂ ಕೂತಿರ್ತೀರಾ? ಹೊಟ್ಟೆಯಲ್ಲಿ ಕೂಸಿಟ್ಕೊಂಡಿದ್ದಾಳ್ರೀ ನಿಮ್ಮ ಮಗಳು! ನಿಮ್ಮ ಕಾಲಿಗೆ ಬೇಡ, ಅವಳಿಗಾದ್ರೂ ಏಳಿ!"

ಅವನು ಮಗಳನ್ನು ನೋಡಿದ. ಎದ್ದ. ಅಕ್ಕನ ಕಡೆ ಕಣ್ಣೂ ಹಾಯಿಸದೆ ಅವಳೆದುರೇ ಹಾದು ಹೋಗಿ ಗಾಡಿಯ ಹಿಂಬದಿ ಹತ್ತಿದ. ಹೋದ ದಾರಿಯ ಹುಲ್ಲಿನ ಮೇಲೆ ಒದ್ದೆ ಹೆಜ್ಜೆಗಳು ಮೂಡಿದ್ದವು.

ಆಸ್ಪತ್ರೆಯಲ್ಲಿ ಲೊಸಾಲಿನೆ ಒಳಗೆ ಹೋಗುವಂತಿರಲಿಲ್ಲ. ಮೊಗಸಾಲೆಯಲ್ಲಿ ಚಾಪೆ ಹಾಸಿ ಕೂತಳು. ಬಾಗಿಲು ತೆರೆದಾಗಲೆಲ್ಲ ಔಷಧಿಯ ವಾಸನೆ ಬಂದು ಹಳೆಯ ದಿನಗಳು ನೆನಪಾಗುತ್ತಿದ್ದವು. ಬಹಳ ಹೊತ್ತಾದ ಮೇಲೆ ಸೆಲುವಾಯಿಯಾ ಹೊರಗೆ ಬಂದು ಗೋಡೆಗೊರಗಿ ಜಾರಿ ಕೂತಳು.

"ಸಕ್ಕರೆ ಎಷ್ಟಿದೆ ಅಂತ ಯಂತ್ರಕ್ಕೂ ಹೇಳೋಕಾಗ್ತಿಲ್ವಂತೆ ಅಕ್ಕ. ಅಷ್ಟು ಮೀರಿದೆಯಂತೆ. ಇನ್ನು ಕೆಲವು ದಿನ ಹೀಗೇ ಹಬ್ಬ ಮಾಡಿದ್ರೆ ಎಚ್ಚರ ತಪ್ಪಿ ಬೀಳ್ತಿದ್ರಂತೆ. ಕಾಲಿನದು... ಬೆರಳು ಉಳಿಯೋದು ಕಷ್ಟ ಅಂದ್ರು ಡಾಕ್ಟರಮ್ಮ. ಪಾದ ನೋಡೋಣ ಅಂದ್ರು."

"ನೋಡೋಣ ಅಂದ್ರಾ?"

"ಹೂಂ."

ಲೊಸಾಲಿನೆ ನಾದಿನಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಎರಡು ಬೆರಳು ಹೋದವು. ಪಾದ ಉಳಿಯಿತು. ಆದರೆ ಅವನು ಅಕ್ಕನ ಜೊತೆ ಮಾತು ಬಿಟ್ಟ. ಆಸ್ಪತ್ರೆಯಿಂದ ಬಂದವನು ಬೇಲಿಯ ಕಡೆಯ ಕಿಟಕಿಯನ್ನು ಮುಚ್ಚಿಸಿದ. ಲೊಸಾಲಿನೆ ಅದಕ್ಕೆ ಅಳಲಿಲ್ಲ. ಅವಳನ್ನು ತಿನ್ನುತ್ತಿದ್ದದ್ದು ಬೇರೆ ಭಯ, ಅಕೊಸಿತಾಳದು.

ಫೆಬ್ರವರಿಯಲ್ಲಿ ಅಕೊಸಿತಾಳಿಗೆ ನೋವು ಶುರುವಾಯಿತು. ಬೆಳಿಗ್ಗೆ ಆಸ್ಪತ್ರೆಗೆ ಹೋದವಳಿಗೆ ಸಂಜೆಯಾದರೂ ಹೆರಿಗೆಯಾಗಲಿಲ್ಲ. ಮಗು ತಿರುಗುತ್ತಿಲ್ಲ ಎಂಬ ಸುದ್ದಿ ಬಂತು. ಲೊಸಾಲಿನೆ ಕೂತಲ್ಲಿಂದ ಎದ್ದಳು. ತನ್ನಿಂದಲೇ ಆಯಿತು, ಅಂದು ಚಪ್ಪರದಡಿ ಎಲೆ ದೂಡಿದ ತನ್ನ ಕೈಯಿಂದಲೇ ಆಯಿತು. ಕರೆಯುವ ತನಕ ಕಾಯದೆ ಹೊರಟುಬಿಟ್ಟಳು. ಹೆರಿಗೆ ಕೋಣೆಯಲ್ಲಿ ಬೆವರಲ್ಲಿ ಮುಳುಗಿದ್ದ ಹುಡುಗಿ ಅವಳನ್ನು ಕಂಡದ್ದೇ ಕೈ ಚಾಚಿದಳು.

"ಅತ್ತೆ, ನಮ್ಮ ಮೇಲೆ ಸಿಟ್ಟು ಇನ್ನೂ ಇದೆಯಾ?"

"ಇಲ್ಲ ಕಂದಾ, ಅವತ್ತೂ ಇರ್ಲಿಲ್ಲ." ಹುಡುಗಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ಲೊಸಾಲಿನೆ ಬಿಕ್ಕಿದಳು. "ನಂಗೆ ಸಿಟ್ಟು ಎಲ್ಲಿ ಬರುತ್ತೆ? ಹೆದರಿದ್ದೆ. ಬರೀ ಹೆದರಿದ್ದೆ ಕಣೆ, ನಿಮ್ಮಪ್ಪ ಸತ್ತೋಗ್ತಾನೆ ಅಂತ."

ಮಗು ಹುಟ್ಟುವ ಹೊತ್ತಿಗೆ ಹೊರಗೆ ದೀಪ ಹಚ್ಚಿದ್ದರು. ಹೆಣ್ಣು. ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಪೆನಿಸಿಮಾನಿ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಹೆಸರು ಏನಂತೆ ಎಂದು ಹೆಂಡತಿಯ ಮೂಲಕ ಕೇಳಿಸಿದ. ಲೊಸಾಲಿನೆ ತಮ್ಮಿಬ್ಬರ ತಾಯಿಯ ಹೆಸರಿಟ್ಟಳು.

ಮುಂದಿನ ಡಿಸೆಂಬರಿನಲ್ಲಿ ಸೆಲುವಾಯಿಯಾ ಬೇಲಿಯ ಬಳಿ ಬಂದು, "ಅಕ್ಕ, ಈ ಸಲ ನಮ್ಮ ಪಾಳಿಗೆ ಏನು ಮಾಡೋಣ ಅಂತ ಅವ್ರು ಕೇಳ್ತಿದ್ದಾರೆ," ಅಂದಳು. ಅಷ್ಟು ಮಾತು ಬಂದದ್ದೇ ದೊಡ್ಡದು.

"ಹಂದಿ ಇರ್ಲಿ. ಹಂದಿ ಇಲ್ದಿದ್ರೆ ನಮ್ಮನ್ನ ಊರಿಂದ ಓಡಿಸ್ತಾರೆ," ಅಂದಳು ಲೊಸಾಲಿನೆ. "ಕೊಬ್ಬಿನ ಕುರಿಮಾಂಸ ಬಿಡು, ಪೊಟ್ಟಣದಲ್ಲಿ ಮೀನು ಕಟ್ಟೋಣ. ತೆಂಗಿನ ಹಾಲು ಅರ್ಧ ಸಾಕು. ಪಾನಕದ ಜಾಗದಲ್ಲಿ ನಿಂಬೆಹಣ್ಣು ಹಿಂಡಿದ ನೀರಿಡು. ಪಾಕದ ಕಡುಬಿನ ಬದಲು ಪಪ್ಪಾಯಿ ಹೆಚ್ಚಿಡು. ಸೊಪ್ಪನ್ನ ಮಾತ್ರ ಎಲೆಯ ಆ ತುದಿಯಲ್ಲಿಡ್ಬೇಡ, ಎಲ್ಲರ ಕೈಗೆ ಸಿಗೋ ಹಾಗಿಡು."

ಹಾಗೇ ಮಾಡಿದರು. ಕೆಲವರು ಮೂಗು ಮುರಿದರು. "ಇದೇನು ಹಬ್ಬವೋ ಉಪವಾಸವೋ!" ಎಂದು ಒಬ್ಬ ಮುದುಕ ಗೊಣಗಿದ. ಬಹಳ ಜನ ಸುಮ್ಮನೆ ತಿಂದರು. ಮೀನು ಬೇಗನೆ ಖಾಲಿಯಾಯಿತು. ಲೊಸಾಲಿನೆ ತನ್ನ ಎಲೆಯಿಂದ ಮೊದಲ ತುತ್ತೆತ್ತಿ ಬಾಯಿಗಿಟ್ಟಳು. ಆದರೆ ಅವಳ ಕಣ್ಣು ಗಂಡಸರ ಸಾಲಿನಲ್ಲಿತ್ತು. ಪೆನಿಸಿಮಾನಿ ಕಾಲಿಗೆ ಚರ್ಮದ ಚಪ್ಪಲಿ ಹಾಕಿಕೊಂಡೇ ಕೂತಿದ್ದ. ಪಕ್ಕದ ಮನೆಯಿಂದ ತಂದಿದ್ದ ಕಡುಬಿನ ಬಟ್ಟಲು ಅವನ ಮುಂದೆ ಬಂತು. ಅವನು ಒಂದನ್ನು ಎತ್ತಿಕೊಂಡ. ತಿಂದ. ಬಟ್ಟಲ ಮೇಲೆ ಅವನ ಕೈ ಇನ್ನೊಮ್ಮೆ ಸುಳಿದಾಡಿತು. ಅವನು ಬಟ್ಟಲನ್ನು ಪಕ್ಕಕ್ಕೆ ದಾಟಿಸಿದ. ತಾನು ನೋಡುತ್ತಿದ್ದೇನೆಂದು ದಾಟಿಸಿದನೋ, ನಿಜವಾಗಿ ಸಾಕೆನಿಸಿತೋ, ಅವಳಿಗೆ ಗೊತ್ತಾಗಲಿಲ್ಲ. ನಾಳೆ ಇನ್ನೊಬ್ಬರ ಪಾಳಿ, ಆ ಚಪ್ಪರದಲ್ಲಿ ಅವನೇನು ತಿನ್ನುವನೋ ಅದೂ ಗೊತ್ತಿರಲಿಲ್ಲ.

ಅಂದು ಸಂಜೆ ಹೊತ್ತು ಮುಳುಗುವಾಗ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಮ್ಮ ಮುಚ್ಚಿಸಿದ್ದ ಬೇಲಿಯ ಕಡೆಯ ಕಿಟಕಿ ಅಂದು ತೆರೆದಿತ್ತು, ಅದರಿಂದ ಸೆಲುವಾಯಿಯಾಳ ಧ್ವನಿ ಕೇಳಿಸಿತು.

"ಕಾಲು ಎತ್ರೀ. ಇನ್ನೂ ಮೇಲೆ. ಬೆಳಕಿಗೆ ಹಿಡೀರಿ."

"ಏನೂ ಆಗಿಲ್ಲ ಕಣೇ. ದಿನಾ ಇದೇ ಗೋಳು."

"ಬೆರಳ ಸಂದು ಬಿಡಿಸಿ. ಅದೇನು ಅಲ್ಲಿ, ಕೆಂಪಗೆ?"

ಲೊಸಾಲಿನೆಯ ಕೈಯಲ್ಲಿದ್ದ ಪಾತ್ರೆ ನೀರಲ್ಲೇ ನಿಂತಿತು. ಇದು ತಾನು ಕೇಳಬಾರದ ಮಾತು, ಕಿವಿ ಮುಚ್ಚಿಕೊಂಡು ಒಳಗೆ ಹೋಗಬೇಕು ಎಂದು ಗೊತ್ತಿತ್ತು. ಹೋಗಲು ಆಗಲಿಲ್ಲ.

"ಮಣ್ಣು," ಅಂದಳು ಸೆಲುವಾಯಿಯಾ ಸ್ವಲ್ಪ ಹೊತ್ತಿನ ಮೇಲೆ. "ಬರೀ ಮಣ್ಣು. ಸರಿ, ಇನ್ನೊಂದು ಕಾಲು ಕೊಡಿ."

ಲೊಸಾಲಿನೆ ಆ ಕಾಲಿನ ಸುದ್ದಿಯೂ ತಿಳಿಯುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಪಾತ್ರೆ ಬೋರಲು ಹಾಕಿ ಒಳಗೆ ಹೋದಳು.